ಕೆಂಪು ಡಬ್ಬಿ, ನೀಲಿ ಡಬ್ಬಿ: ಕೊಳ್ಳದೆ ಕಾದ ಜನ

ಒಂದು ಅಂಗಡಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. 2006ರ ಕೊನೆ. ಅಮೆರಿಕದ ಯಾವುದೋ ದೊಡ್ಡ ಎಲೆಕ್ಟ್ರಾನಿಕ್ಸ್ ಮಳಿಗೆ. ಗೋಡೆ ತುಂಬಾ ಹೊಸ ಚಪ್ಪಟೆ ಟಿವಿಗಳು. ಒಂದು ಕಪಾಟಿನಲ್ಲಿ ಕೆಂಪು ಡಬ್ಬಿಯ ಸಿನಿಮಾಗಳಿವೆ. ಅವು ಎಚ್‌ಡಿ ಡಿವಿಡಿ, ಮಾಮೂಲಿ ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ, ತೋಷಿಬಾ ಬಳಗದ ಹೊಸ ಡಿಸ್ಕ್. ಪಕ್ಕದ ಕಪಾಟಿನಲ್ಲಿ ನೀಲಿ ಡಬ್ಬಿಗಳು. ಅವು ಬ್ಲೂ-ರೇ, ಅದೇ ಕೆಲಸಕ್ಕೆ ಸೋನಿ ಬಳಗ ತಂದ ಡಿಸ್ಕ್. ಡಬ್ಬಿ ತೆಗೆದು ನೋಡಿದರೆ ಎರಡೂ ಒಂದೇ ಅಳತೆಯ, 12 ಸೆಂಟಿಮೀಟರಿನ ಡಿಸ್ಕ್. ಎರಡನ್ನೂ ಓದುವುದು ಅದೇ 405 ನ್ಯಾನೋಮೀಟರಿನ ನೀಲಿ-ನೇರಳೆ ಲೇಸರ್. ಚಿತ್ರವೂ ಎರಡರಲ್ಲೂ 1080 ಗೆರೆಯದೇ. ಆದರೆ ಇದರ ಡಿಸ್ಕ್ ಅದರ ಪ್ಲೇಯರಿನಲ್ಲಿ ಓಡುವುದಿಲ್ಲ, ಅದರದ್ದು ಇದರಲ್ಲಿ ಓಡುವುದಿಲ್ಲ. ನಿಮಗೆ ಇಷ್ಟವಾದ ಸಿನಿಮಾಗಳಲ್ಲಿ ಕೆಲವು ಕೆಂಪಿನಲ್ಲಿ ಮಾತ್ರ ಇವೆ, ಕೆಲವು ನೀಲಿಯಲ್ಲಿ ಮಾತ್ರ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಬಹಳ ಜನ ಏನೂ ಮಾಡಲಿಲ್ಲ. ಎರಡೂ ಕಪಾಟು ನೋಡಿದರು, ಬೆಲೆ ನೋಡಿದರು, ಆಚೆ ಕಪಾಟಿನಿಂದ ಒಂದು ಮಾಮೂಲಿ ಡಿವಿಡಿ ತಗೊಂಡು ಮನೆಗೆ ಹೋದರು. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಮುಖ್ಯವಾಗಿ ಇವರ ಬಗ್ಗೆಯೇ. ಫಾರ್ಮ್ಯಾಟ್ ಜಗಳದ, ಅಂದರೆ ಯಾವ ಬಗೆಯ ಡಿಸ್ಕ್ ಉಳಿಯಬೇಕು ಅನ್ನುವ ಜಗಳದ ಕಥೆಯನ್ನು ಸಾಮಾನ್ಯವಾಗಿ ಕಂಪನಿಗಳ ಕಥೆಯಾಗಿ ಹೇಳುತ್ತಾರೆ. ತೋಷಿಬಾ ಹೀಗೆ ಮಾಡಿತು, ಸೋನಿ ಹಾಗೆ ಮಾಡಿತು, ಸ್ಟುಡಿಯೊಗಳು ಈ ಕಡೆಯಿಂದ ಆ ಕಡೆ ಹಾರಿದವು ಅಂತ. ಕೊಳ್ಳುವವರು ಅದರಲ್ಲಿ ಸುಮ್ನೆ ನಿಂತ ಗುಂಪು. 'ಕೋಣಗಳೆರಡು ಹೋರೆ ಗಿಡುವಿಂಗೆ ಮಿತ್ತು' ಅನ್ನುವ ನಮ್ಮ ಹಳೆಯ ಮಾತು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ ಅಂತ ಅನ್ನಿಸಬಹುದು. ಅರ್ಧ ಮಾತ್ರ ಒಪ್ಪುತ್ತದೆ. ಗಿಡಕ್ಕೆ ಜಾಗ ಬಿಟ್ಟು ಹೋಗಲು ಬರುವುದಿಲ್ಲ. ಕೊಳ್ಳುವವರಿಗೆ ಬರುತ್ತದೆ. ಅವರು ಹೋದರು. ಹಾಗೆ ದೂರ ನಿಂತಿದ್ದೇ ಈ ಜಗಳದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಮಾತಾಗಿತ್ತು ಅನ್ನುವುದು ನನ್ನ ನಂಬಿಕೆ.

ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಸಿನಿಮಾ ಡಿಸ್ಕಿನ ಮೊದಲ ಜಗಳ ನಡೆದದ್ದು 1980ರ ಆಸುಪಾಸಿನಲ್ಲಿ, ಅದೂ ಅಮೆರಿಕದಲ್ಲೇ. 1978ರ ಡಿಸೆಂಬರಿನಲ್ಲಿ ಅಟ್ಲಾಂಟಾದಲ್ಲಿ ಲೇಸರ್‌ಡಿಸ್ಕ್ ಮಾರಾಟಕ್ಕೆ ಬಂತು. ಎಂಸಿಎ ಅನ್ನುವ ಸಿನಿಮಾ ಕಂಪನಿ ಮತ್ತು ಫಿಲಿಪ್ಸ್ ಸೇರಿ ತಂದದ್ದು. 30 ಸೆಂಟಿಮೀಟರಿನ ಹೊಳೆಯುವ ತಟ್ಟೆ, ಗ್ರಾಮಫೋನ್ ಪ್ಲೇಟಿನಷ್ಟೇ ದೊಡ್ಡದು. ಏನೂ ತಾಗದೆ ಬೆಳಕಿನಿಂದಲೇ ಓದುವುದರಿಂದ ಎಷ್ಟು ಸಲ ಹಾಕಿದರೂ ಸವೆಯುವುದಿಲ್ಲ. ಅದಾಗಿ ಎರಡು ವರ್ಷ ಚಿಲ್ಲರೆ ಕಳೆದ ಮೇಲೆ, 1981ರ ಮಾರ್ಚ್‌ನಲ್ಲಿ, ಆರ್‌ಸಿಎ ಕಂಪನಿ ತನ್ನದೇ ಬೇರೆ ಡಿಸ್ಕ್ ತಂದಿತು. ಸಿಇಡಿ ಅಂತ ಕರೆಯುತ್ತಿದ್ದರು. ಅದರಲ್ಲಿ ಲೇಸರ್ ಇರಲಿಲ್ಲ. ಗ್ರಾಮಫೋನಿನ ಹಾಗೆ ಮುಳ್ಳು ಗೀರಿನಲ್ಲಿ ಓಡುತ್ತಿತ್ತು, ಆ ಗೀರುಗಳು ಮಾತ್ರ ಗ್ರಾಮಫೋನಿನದಕ್ಕಿಂತ ಎಷ್ಟೋ ಪಾಲು ಸಣ್ಣ. ಪ್ಲೇಯರಿನ ಬೆಲೆ 500 ಡಾಲರ್.

ಈ ಸಿಇಡಿಯನ್ನು ಬಳಸುವುದು ಹೇಗಿತ್ತು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಡಿಸ್ಕಿನ ಮೇಲೆ ಒಂದು ಧೂಳಿನ ಕಣ ಬಿದ್ದರೂ ಚಿತ್ರ ಕೆಡುತ್ತಿತ್ತು, ಹಾಗಾಗಿ ಅದನ್ನು ಕೈಯಲ್ಲಿ ಮುಟ್ಟುವ ಹಾಗೇ ಇಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ ಚಪ್ಪಟೆ ಪೆಟ್ಟಿಗೆಯೊಳಗೇ ಅದು ಇರುತ್ತಿತ್ತು. ಆ ಪೆಟ್ಟಿಗೆಯನ್ನು ಇಡಿಯಾಗಿ ಪ್ಲೇಯರಿನ ಬಾಯಿಗೆ ತಳ್ಳಬೇಕು. ಮತ್ತೆ ಹೊರಗೆ ಎಳೆದರೆ ಖಾಲಿ ಪೆಟ್ಟಿಗೆ ಕೈಗೆ ಬರುತ್ತದೆ, ಡಿಸ್ಕ್ ಒಳಗೆ ಉಳಿಯುತ್ತದೆ. ಒಂದು ಗಂಟೆ ಸಿನಿಮಾ. ಆಮೇಲೆ ಎದ್ದು ಹೋಗಿ ಖಾಲಿ ಪೆಟ್ಟಿಗೆಯನ್ನು ಮತ್ತೆ ಒಳಗೆ ತಳ್ಳಿ, ಡಿಸ್ಕನ್ನು ಎಳೆದುಕೊಂಡು, ಮಗುಚಿ, ಇನ್ನೊಂದು ಮಗ್ಗುಲು ಹಾಕಬೇಕು. ಧೂಳು ಒಳಗೆ ಸೇರಿದ್ದರೆ ಸಂಭಾಷಣೆಯ ನಡುವೆ ಮುಳ್ಳು ಹಾರಿ ಎರಡು ಸಾಲು ಮುಂದೆ ಹೋಗುತ್ತಿತ್ತು. ಲೇಸರ್‌ಡಿಸ್ಕಿಗೂ ಇಂಥ ಕಷ್ಟ ಇಲ್ಲದಿರಲಿಲ್ಲ. ಮೊದಮೊದಲ ಡಿಸ್ಕ್‌ಗಳಲ್ಲಿ ಒತ್ತುವಾಗಲೇ ದೋಷ ಸೇರಿಕೊಳ್ಳುತ್ತಿತ್ತು. ಕೊಂಡವರು ಅಂಗಡಿಗೆ ವಾಪಸ್ ತಂದು ಕೊಡುತ್ತಿದ್ದರು.

ಆಗ ಜನ ಎರಡು ಡಿಸ್ಕ್ ಪಕ್ಕ ಪಕ್ಕ ಇಟ್ಟು ತೂಗಿ ನೋಡಿದರೇ? ಇಲ್ಲ. ಅವರ ಕಣ್ಣು ಮೂರನೆಯ ಕಡೆ ಇತ್ತು, ಟೇಪಿನ ಕಡೆ. ಟೇಪ್ ಓಡಿಸುವ ವಿಸಿಆರ್‌ನಲ್ಲಿ ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡಿಕೊಳ್ಳಬಹುದಿತ್ತು. ಬಾಡಿಗೆ ಅಂಗಡಿಯಿಂದ ಸಿನಿಮಾ ತಂದು ನೋಡಿ ವಾಪಸ್ ಕೊಡಬಹುದಿತ್ತು. ಡಿಸ್ಕಿನ ಚಿತ್ರ ಚೆನ್ನಾಗಿತ್ತು ನಿಜ, ಲೇಸರ್‌ಡಿಸ್ಕಿನದಂತೂ ಬಹಳ ಚೆನ್ನಾಗಿತ್ತು. ಆದರೆ ಆ ಚೆನ್ನಕ್ಕಾಗಿ ರೆಕಾರ್ಡಿಂಗ್ ಬಿಟ್ಟುಕೊಡಲು ಜನ ತಯಾರಿರಲಿಲ್ಲ. 1984ರಲ್ಲಿ ಆರ್‌ಸಿಎ ಪ್ಲೇಯರ್ ಮಾಡುವುದನ್ನು ನಿಲ್ಲಿಸಿತು. ನಷ್ಟ ಸುಮಾರು 58 ಕೋಟಿ ಡಾಲರ್.

ಇಲ್ಲಿ ಒಂದು ಸಂಗತಿ ನನಗೆ ಯಾವಾಗಲೂ ಕಾಡುತ್ತದೆ. ಸಿಇಡಿ ಪ್ಲೇಯರ್ ಕೊಂಡವರು ಕಡಿಮೆ. ಕೊಂಡವರು ಮಾತ್ರ ಕಂಪನಿಯ ಲೆಕ್ಕಕ್ಕಿಂತ ಜಾಸ್ತಿ ಡಿಸ್ಕ್ ಕೊಂಡರು. ಅವರಿಗೆ ಅದು ಇಷ್ಟವಾಗಿತ್ತು. ಕಪಾಟು ತುಂಬಿಸಿಕೊಂಡಿದ್ದರು. ಅವರಿಗಾಗಿ 1986ರವರೆಗೂ ಡಿಸ್ಕ್ ಒತ್ತುತ್ತಿದ್ದರು, ಆಮೇಲೆ ಅದೂ ನಿಂತಿತು. ಮಾರುಕಟ್ಟೆಯಲ್ಲಿ ಸೋತ ವಸ್ತು ಅಂದರೆ ಯಾರಿಗೂ ಬೇಡವಾದ ವಸ್ತು ಅಂತ ನಾವು ತಿಳಿಯುತ್ತೇವೆ. ಹಾಗಲ್ಲ. ಬೇಕು ಅಂದವರು ಇದ್ದರು, ಅವರ ಎಣಿಕೆ ಸಾಲಲಿಲ್ಲ, ಅಷ್ಟೇ. ಲೇಸರ್‌ಡಿಸ್ಕೂ ಹಾಗೆಯೇ. ಅಮೆರಿಕದಲ್ಲಿ ನೂರು ಮನೆಗೆ ಎರಡು ಮನೆಯಲ್ಲಿ ಇದ್ದಿರಬಹುದು, ಜಪಾನಿನಲ್ಲಿ ಸುಮಾರು ಹತ್ತರಲ್ಲಿ. ಆದರೆ ಆ ಮನೆಯವರು ಅದನ್ನು 20 ವರ್ಷ ಬಿಡಲಿಲ್ಲ. ಸಿನಿಮಾವನ್ನು ಎರಡೂ ಬದಿ ಕತ್ತರಿಸದೆ ಪೂರ್ತಿ ಅಗಲದಲ್ಲಿ ನೋಡಬೇಕು, ನಿರ್ದೇಶಕರ ವಿವರಣೆಯ ಮಾತು ಬೇರೆ ಧ್ವನಿಯಾಗಿ ಜೊತೆಗಿರಬೇಕು ಅನ್ನುವ ರೂಢಿ ಬೆಳೆದದ್ದು ಅವರ ಕಪಾಟಿನಲ್ಲೇ. ಆಮೇಲೆ ಡಿವಿಡಿ ಅದನ್ನೆಲ್ಲ ಎತ್ತಿಕೊಂಡು ಎಲ್ಲರ ಮನೆಗೂ ತಲುಪಿಸಿತು.

ಡಿವಿಡಿಗೆ ಬರೋಣ. ಡಿವಿಡಿ ಹುಟ್ಟುವ ಮುಂಚೆಯೂ ಜಗಳವಿತ್ತು. ಒಂದು ಕಡೆ ಸೋನಿ ಮತ್ತು ಫಿಲಿಪ್ಸ್, ಇನ್ನೊಂದು ಕಡೆ ತೋಷಿಬಾ, ಟೈಮ್ ವಾರ್ನರ್, ಮತ್ಸುಶಿತಾ ಮತ್ತು ಇತರರು. ಎರಡೂ ಬೇರೆ ಬೇರೆ ಡಿಸ್ಕ್. ಈ ಸಲ ಜಗಳ ಅಂಗಡಿಯವರೆಗೆ ಬರಲಿಲ್ಲ. ಯಾಕೆ ಗೊತ್ತಾ? ಕಂಪ್ಯೂಟರ್ ಕಂಪನಿಗಳು, ಐಬಿಎಂ, ಆಪಲ್, ಮೈಕ್ರೋಸಾಫ್ಟ್ ಎಲ್ಲ ಸೇರಿ, 'ಇಬ್ಬರೂ ಒಂದಾಗಿ ಬನ್ನಿ, ಅಲ್ಲಿಯವರೆಗೆ ನಮಗೆ ಎರಡೂ ಬೇಡ' ಅಂದವು. ಐಬಿಎಂ ಮುಖ್ಯಸ್ಥ ಲೂ ಗರ್ಸ್ಟ್ನರ್ ನಡುವೆ ನಿಂತು ರಾಜಿ ಮಾಡಿಸಿದರು. 1995ರಲ್ಲಿ ಒಪ್ಪಂದವಾಯಿತು. 1996ರ ನವೆಂಬರಿನಲ್ಲಿ ಜಪಾನಿನಲ್ಲಿ, 1997ರಲ್ಲಿ ಅಮೆರಿಕದಲ್ಲಿ ಡಿವಿಡಿ ಬಂತು. ಒಂದೇ ಡಿಸ್ಕ್, ಎಲ್ಲರ ಪ್ಲೇಯರಿನಲ್ಲೂ ಓಡುವ ಡಿಸ್ಕ್. ಜನ ಹೇಗೆ ಕೊಂಡರು ಅಂದರೆ, ಆರೇ ವರ್ಷದಲ್ಲಿ ಅಮೆರಿಕದ ಬಾಡಿಗೆ ಅಂಗಡಿಗಳಲ್ಲಿ ಡಿವಿಡಿ ಟೇಪನ್ನು ಹಿಂದೆ ಹಾಕಿತು. ಗಮನಿಸಿ, ಅಲ್ಲಿ ದೊಡ್ಡ ಕಂಪನಿಗಳು ಮಾಡಿದ್ದು ಏನು? 'ಒಂದಾಗುವವರೆಗೆ ಕೊಳ್ಳುವುದಿಲ್ಲ' ಅಂತ ಹೇಳಿದ್ದು. ಹತ್ತು ವರ್ಷದ ನಂತರ ಸಾಮಾನ್ಯ ಜನ ಮಾಡಿದ್ದೂ ಅದನ್ನೇ. ಕಂಪನಿಗಳ ಕೈಯಲ್ಲಿ ಮಾತುಕತೆಯ ಮೇಜು ಇತ್ತು. ಜನರಿಗೆ ಅದು ಇರಲಿಲ್ಲ.

ಡಿವಿಡಿ ಬಂದ ಮರುವರ್ಷವೇ ಇನ್ನೊಂದು ವಿಚಿತ್ರ ನಡೆಯಿತು. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ, ಯಾಕೆಂದರೆ ಕೊಳ್ಳುವವರಿಗೆ ನಿಜವಾಗಿ ಸಿಟ್ಟು ಬಂದದ್ದು ಆಗಲೇ. ಸರ್ಕ್ಯೂಟ್ ಸಿಟಿ ಅನ್ನುವ ಅಂಗಡಿ ಸರಣಿ 1998ರಲ್ಲಿ ಡಿವ್‌ಎಕ್ಸ್ ಅನ್ನುವ ಡಿಸ್ಕ್ ತಂದಿತು. ನಾಲ್ಕೂವರೆ ಡಾಲರ್ ಕೊಟ್ಟು ಡಿಸ್ಕ್ ಕೊಳ್ಳುವುದು. ಮೊದಲ ಸಲ ಹಾಕಿದ ಗಳಿಗೆಯಿಂದ 48 ಗಂಟೆ ನೋಡಬಹುದು. ಆಮೇಲೆ ಅದು ಬೀಗ ಹಾಕಿಕೊಳ್ಳುತ್ತದೆ. ಮತ್ತೆ ನೋಡಬೇಕೆಂದರೆ ಮತ್ತೆ ದುಡ್ಡು. ಪ್ಲೇಯರನ್ನು ಮನೆಯ ಟೆಲಿಫೋನ್ ತಂತಿಗೆ ಸಿಕ್ಕಿಸಬೇಕು, ಅದು ಆಗಾಗ ಕಂಪನಿಗೆ ಫೋನ್ ಮಾಡಿ ನೀವು ಏನೇನು ನೋಡಿದಿರಿ ಅಂತ ಲೆಕ್ಕ ಒಪ್ಪಿಸುತ್ತದೆ. ಬಾಡಿಗೆ ಡಿಸ್ಕ್ ವಾಪಸ್ ಕೊಡಲು ಓಡಾಡುವ ಕಷ್ಟ ತಪ್ಪುತ್ತದೆ ಅನ್ನುವುದು ಅವರ ವಾದ.

ಆ ವಾದದಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ವಾಪಸ್ ಕೊಡಲು ತಡವಾದರೆ ದಂಡ ಕಟ್ಟುವುದು ಯಾರಿಗೂ ಇಷ್ಟವಿರಲಿಲ್ಲ. ಆದರೆ ಜನ ಬೇರೆ ಪ್ರಶ್ನೆ ಕೇಳಿದರು. ನಾನು ದುಡ್ಡು ಕೊಟ್ಟು ತಂದು ನನ್ನ ಮನೆಯಲ್ಲಿ ಇಟ್ಟುಕೊಂಡ ಡಿಸ್ಕ್, ನನ್ನ ಪ್ಲೇಯರ್, ನನ್ನ ಟಿವಿ. ಮೂರೂ ನನ್ನವು. ನೋಡಲು ಇನ್ಯಾರದೋ ಅಪ್ಪಣೆ ಯಾಕೆ? ನಾನು ರಾತ್ರಿ ಏನು ನೋಡಿದೆ ಅನ್ನುವುದು ಅವರಿಗೆ ಯಾಕೆ ಗೊತ್ತಾಗಬೇಕು? ಆಗಿನ್ನೂ ಹೊಸದಾಗಿದ್ದ ಇಂಟರ್ನೆಟ್‌ನಲ್ಲಿ ಡಿವಿಡಿ ಪ್ರಿಯರು ಇದರ ವಿರುದ್ಧ ಎದ್ದು ನಿಂತರು. ಪರಿಚಯದವರಿಗೆಲ್ಲ ಹೇಳಿದರು, ಕೊಳ್ಳಬೇಡಿ ಅಂದರು. ಪೈಪೋಟಿಯಲ್ಲಿದ್ದ ಬೇರೆ ಅಂಗಡಿಗಳೂ ಹೆಚ್ಚಿನವು ಅದನ್ನು ಇಟ್ಟುಕೊಳ್ಳಲಿಲ್ಲ. 1999ರ ಜೂನ್‌ನಲ್ಲಿ ಅದನ್ನು ಮುಚ್ಚಿದರು. ಕೊಂಡವರಿಗೆ 100 ಡಾಲರ್ ವಾಪಸ್ ಕೊಟ್ಟರು. 2001ರ ಜೂನ್ ಕಳೆದ ಮೇಲೆ ಪ್ಲೇಯರುಗಳು ಫೋನ್ ಮಾಡುವ ಕೇಂದ್ರವೇ ಇಲ್ಲವಾಯಿತು. ದುಡ್ಡು ಕಟ್ಟಿ ಡಿಸ್ಕಿನ ಬೀಗ ತೆಗೆಸುವ ದಾರಿಯೂ ಅದರೊಂದಿಗೆ ಮುಚ್ಚಿತು.

ಡಿವ್‌ಎಕ್ಸ್ ಬದುಕಿದ್ದು ಒಂದೇ ವರ್ಷ. ಅದು ಮಾಡಿದ ಕೆಡುಕು ಇನ್ನೊಂದು ಇತ್ತು. ಅದಿದ್ದಷ್ಟು ದಿನ ಮಾಮೂಲಿ ಡಿವಿಡಿ ಕೊಳ್ಳಬೇಕು ಅಂದುಕೊಂಡವರೂ ಹಿಂಜರಿದರು. 'ಇದೋ ಅದೋ, ಯಾವುದು ಉಳಿಯುತ್ತದೆ ನೋಡೋಣ' ಅಂದರು. ಒಂದು ಹೊಸ ಡಿಸ್ಕಿನ ಮೇಲೆ ಬಂದ ಅನುಮಾನ ಪಕ್ಕದ ಡಿಸ್ಕಿಗೂ ಅಂಟುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ 2006. ಎಚ್‌ಡಿ ಡಿವಿಡಿ ಮೊದಲು ಬಂತು, ಜಪಾನಿನಲ್ಲಿ ಮಾರ್ಚ್ ಕೊನೆಗೆ, ಅಮೆರಿಕದಲ್ಲಿ ಏಪ್ರಿಲ್‌ನಲ್ಲಿ. ತೋಷಿಬಾದ ಪ್ಲೇಯರ್ 499 ಡಾಲರ್. ಬ್ಲೂ-ರೇ ಜೂನ್‌ನಲ್ಲಿ ಬಂತು, ಸ್ಯಾಮ್‌ಸಂಗ್ ಪ್ಲೇಯರ್ 999 ಡಾಲರ್. ಅಂದರೆ ಎರಡು ಪಟ್ಟು. ತಾಂತ್ರಿಕವಾಗಿ ವ್ಯತ್ಯಾಸ ಇಷ್ಟು. ಎಚ್‌ಡಿ ಡಿವಿಡಿಯಲ್ಲಿ ಮಾಹಿತಿಯ ಪದರ ಡಿಸ್ಕಿನ ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗೆ ಇರುತ್ತದೆ, ಡಿವಿಡಿಯಲ್ಲಿ ಇದ್ದ ಹಾಗೆಯೇ. ಹಾಗಾಗಿ ಹಳೆಯ ಡಿವಿಡಿ ಕಾರ್ಖಾನೆಗಳಲ್ಲೇ ಸಣ್ಣ ಬದಲಾವಣೆ ಮಾಡಿ ಒತ್ತಬಹುದು. ಒಂದು ಪದರಕ್ಕೆ 15 ಗಿಗಾಬೈಟ್. ಬ್ಲೂ-ರೇಯಲ್ಲಿ ಪದರ ಬರೀ 0.1 ಮಿಲಿಮೀಟರ್ ಒಳಗೆ. ಲೇಸರಿನ ಮೊನೆ ಇನ್ನೂ ಚೂಪಾಗುತ್ತದೆ, ಒಂದು ಪದರಕ್ಕೆ 25 ಗಿಗಾಬೈಟ್ ಹಿಡಿಯುತ್ತದೆ. ಮೇಲ್ಮೈಗೆ ಅಷ್ಟು ಹತ್ತಿರ ಇರುವುದರಿಂದ ಗೀರು ಬೀಳದ ಗಟ್ಟಿ ಲೇಪ ಬೇಕು. ಹೊಸ ಯಂತ್ರ ಬೇಕು, ಖರ್ಚು ಜಾಸ್ತಿ.

ಕಾಗದದ ಮೇಲೆ ಬ್ಲೂ-ರೇ ದೊಡ್ಡದು, ಅಲ್ವಾ? ಮೊದಲ ತಿಂಗಳುಗಳಲ್ಲಿ ಕಣ್ಣಿಗೆ ಕಂಡದ್ದು ಉಲ್ಟಾ. ಮೊದಮೊದಲ ಬ್ಲೂ-ರೇ ಡಿಸ್ಕ್‌ಗಳು ಒಂದೇ ಪದರದವು, ಅದರಲ್ಲಿ ಎಂಪೆಗ್-2 ಅನ್ನುವ, ಚಿತ್ರವನ್ನು ಕುಗ್ಗಿಸುವ ಹಳೆಯ ವಿಧಾನದಲ್ಲಿ ಚಿತ್ರ ತುಂಬಿದ್ದರು. ಮೊದಲ ಪ್ಲೇಯರಿನ ಹೊಂದಾಣಿಕೆ ಸರಿಯಿಲ್ಲದೆ ಚಿತ್ರ ಮಸುಕಾಗಿ ಕಾಣುತ್ತಿತ್ತು. 999 ಡಾಲರ್ ಕೊಟ್ಟವರು 499 ಡಾಲರಿನ ಪ್ಲೇಯರ್ ತಮ್ಮದಕ್ಕಿಂತ ಚೆನ್ನಾಗಿ ತೋರಿಸುತ್ತದೆ ಅಂತ ಓದಬೇಕಾಯಿತು. ಆ ಕಡೆ ತೋಷಿಬಾದ ಪ್ಲೇಯರ್ ನೋಡಿ. ಅದರ ಒಳಗೆ ಇದ್ದದ್ದು ನಿಜವಾಗಿ ಒಂದು ಕಂಪ್ಯೂಟರ್, ಪೆಂಟಿಯಂ 4 ಚಿಪ್ಪು ಮತ್ತು ಒಂದು ಗಿಗಾಬೈಟ್ ಮೆಮೊರಿ. ಬಟನ್ ಒತ್ತಿದರೆ ತಕ್ಷಣ ಏನೂ ಆಗುವುದಿಲ್ಲ. ಒಳಗಿನ ಫ್ಯಾನ್ ಸದ್ದು ಕೇಳುತ್ತಾ ಕೂರಬೇಕು. ಅದು ಎದ್ದ ಮೇಲೆ ಡಿಸ್ಕ್ ಹಾಕಿ, ಡಿಸ್ಕ್ ಓದುವವರೆಗೆ ಮತ್ತೆ ಕಾಯಬೇಕು. ಹತ್ತು ವರ್ಷ ಡಿವಿಡಿ ಬಳಸಿದವರಿಗೆ ಇದು ಹಿಂದಕ್ಕೆ ಹೋದ ಹಾಗೆ.

ಟಿವಿಯ ತಾಪತ್ರಯ ಬೇರೆ. ಎಚ್‌ಡಿ ಟಿವಿಯನ್ನು ಎಲ್ಲರಿಗಿಂತ ಮೊದಲು ಸಾವಿರಾರು ಡಾಲರ್ ಕೊಟ್ಟು ತಂದವರ ಸೆಟ್ಟಿನಲ್ಲಿ ಡಿಜಿಟಲ್ ಚಿತ್ರ ಒಯ್ಯುವ ಎಚ್‌ಡಿಎಂಐ ತಂತಿಯ ತೂತೇ ಇರಲಿಲ್ಲ. ಬರೀ ಅನಲಾಗ್ ತಂತಿ. ಎರಡೂ ಡಿಸ್ಕಿನ ನಿಯಮದಲ್ಲಿ ಒಂದು ಸಣ್ಣ ಗುರುತಿಗೆ ಅವಕಾಶವಿತ್ತು. ಸ್ಟುಡಿಯೊ ಆ ಗುರುತು ಹಾಕಿದರೆ ಅನಲಾಗ್ ತಂತಿಯಲ್ಲಿ ಚಿತ್ರದ ಸ್ಪಷ್ಟತೆ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಕಳ್ಳ ಪ್ರತಿ ತಡೆಯಲು ಅಂತ. ಆಮೇಲೆ ದೊಡ್ಡ ಸ್ಟುಡಿಯೊಗಳು ಸದ್ಯಕ್ಕೆ ಅದನ್ನು ಬಳಸುವುದಿಲ್ಲ ಅಂದವು. ಆದರೆ 'ಸದ್ಯಕ್ಕೆ' ಅಂದರೆ ಯಾರಿಗೆ ಧೈರ್ಯ ಬರುತ್ತದೆ? ಹೊಸ ತಂತ್ರಜ್ಞಾನವನ್ನು ಮೊದಲು ಕೊಂಡು ಬೆಂಬಲಿಸಿದವರನ್ನೇ ಮೊದಲು ಅನುಮಾನದಿಂದ ನೋಡಿದ ವ್ಯವಸ್ಥೆ ಅದು. ಅವರಿಗೆ ಬೇಸರವಾದದ್ದು ನ್ಯಾಯವೇ.

ಆ ಕಾಲದಲ್ಲಿ ಕೊಂಡವರು ಬಹಳ ಬೇಗ ಪಕ್ಷ ಕಟ್ಟಿದರು. ಇದು ನನಗೆ ತುಂಬಾ ಮನುಷ್ಯಸಹಜ ಅನ್ನಿಸುತ್ತದೆ. ನೀವು 500 ಅಥವಾ 1000 ಡಾಲರ್ ಹಾಕಿದ್ದೀರಿ. ನಿಮ್ಮ ದುಡ್ಡು ಉಳಿಯಬೇಕಾದರೆ ಬೇರೆಯವರೂ ಅದನ್ನೇ ಕೊಳ್ಳಬೇಕು. ಹಾಗಾಗಿ ನೀವು ಕೊಂಡದ್ದನ್ನು ಹೊಗಳುವುದು ನಿಮ್ಮ ರುಚಿಯ ಮಾತಾಗಿ ಉಳಿಯುವುದಿಲ್ಲ, ನಿಮ್ಮ ಕಪಾಟಿನ ಉಳಿವಿನ ಮಾತಾಗುತ್ತದೆ. ಆನ್‌ಲೈನ್ ಅಂಗಡಿಯ ಮಾರಾಟದ ಪಟ್ಟಿಯಲ್ಲಿ ತಮ್ಮ ಕಡೆಯ ಸಿನಿಮಾ ಎಷ್ಟನೇ ಸ್ಥಾನದಲ್ಲಿದೆ ಅಂತ ಜನ ಮತ್ತೆ ಮತ್ತೆ ನೋಡುತ್ತಿದ್ದರು. ವಾರದ ಮಾರಾಟದ ಪಾಲು ಬಂದರೆ ವಾದ ಶುರು. ಯಾವ ಸ್ಟುಡಿಯೊ ಯಾವ ಕಡೆ ಅನ್ನುವುದು ಬಾಯಿಪಾಠ. ಯೂನಿವರ್ಸಲ್ ಕೆಂಪಿನ ಕಡೆ ಮಾತ್ರ. ಸೋನಿ, ಡಿಸ್ನಿ, ಫಾಕ್ಸ್ ನೀಲಿಯ ಕಡೆ ಮಾತ್ರ. ವಾರ್ನರ್, ಪ್ಯಾರಾಮೌಂಟ್ ಎರಡೂ ಕಡೆ. ಇವರನ್ನು ಹುಚ್ಚು ಅಭಿಮಾನಿಗಳು ಅಂತ ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡುವುದಿಲ್ಲ. ಕಂಪನಿಗಳು ತಮ್ಮ ಅಪಾಯವನ್ನು ಇವರ ಹೆಗಲಿಗೆ ದಾಟಿಸಿದ್ದವು, ಇವರು ಆ ಭಾರದಿಂದ ಕೂಗಾಡಿದರು.

ಇನ್ನು ಎರಡೂ ಬೇಕು ಅಂದವರಿಗೆ ಏನಿತ್ತು? 2007ರ ಜನವರಿಯಲ್ಲಿ ಎಲ್‌ಜಿ ಎರಡೂ ಡಿಸ್ಕ್ ಓಡಿಸುವ ಪ್ಲೇಯರ್ ತೋರಿಸಿತು. ಬೆಲೆ 1,199 ಡಾಲರ್. ಬೇರೆ ಬೇರೆಯಾಗಿ ಎರಡು ಪ್ಲೇಯರ್ ಕೊಂಡರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತಿತ್ತು. ವಾರ್ನರ್ ಒಂದು ಮಗ್ಗುಲು ಎಚ್‌ಡಿ ಡಿವಿಡಿ, ಇನ್ನೊಂದು ಮಗ್ಗುಲು ಬ್ಲೂ-ರೇ ಇರುವ ಡಿಸ್ಕ್ ತರುತ್ತೇವೆ ಅಂತ ಘೋಷಿಸಿತು. ಅದು ಅಂಗಡಿಗೆ ಬರಲೇ ಇಲ್ಲ. ಎಚ್‌ಡಿ ಡಿವಿಡಿ ಕಡೆಯವರು ತಂದ ಕಾಂಬೋ ಡಿಸ್ಕ್ ಮಾತ್ರ ಬಂತು. ಒಂದು ಮಗ್ಗುಲು ಎಚ್‌ಡಿ, ಹಿಂದುಗಡೆ ಮಾಮೂಲಿ ಡಿವಿಡಿ. ಹೊಸ ಪ್ಲೇಯರ್ ಇಲ್ಲದವರೂ ಈಗಲೇ ಕೊಂಡಿಟ್ಟುಕೊಳ್ಳಲಿ ಅನ್ನುವ ಲೆಕ್ಕ. ಲೆಕ್ಕ ಚೆನ್ನಾಗಿತ್ತು. ಡಿಸ್ಕನ್ನು ಕೈಯಲ್ಲಿ ಹಿಡಿದರೆ ತೊಂದರೆ ಗೊತ್ತಾಗುತ್ತದೆ. ಎರಡೂ ಮಗ್ಗುಲು ಓದುವ ಮಗ್ಗುಲೇ ಆದ್ದರಿಂದ ಚಿತ್ರ ಮುದ್ರಿಸಲು ಜಾಗವಿಲ್ಲ. ನಡುವಿನ ತೂತಿನ ಸುತ್ತ ಸಣ್ಣ ಅಕ್ಷರದಲ್ಲಿ ಯಾವ ಮಗ್ಗುಲು ಯಾವುದು ಅಂತ ಬರೆದಿರುತ್ತಾರೆ. ಅರೆಬೆಳಕಿನ ಕೋಣೆಯಲ್ಲಿ ಅದನ್ನು ತಿರುಗಿಸಿ ತಿರುಗಿಸಿ ಓದಬೇಕು. ಬೆರಳಿನ ಗುರುತು ಯಾವ ಕಡೆ ಬಿದ್ದರೂ ತಪ್ಪೇ. ಬೆಲೆಯೂ ಜಾಸ್ತಿ. ಡಿವಿಡಿ ಮಗ್ಗುಲು ಬೇಡವೇ ಬೇಡ ಅಂದವರೂ ಅದಕ್ಕೆ ದುಡ್ಡು ಕೊಡಬೇಕು.

2006ರ ನವೆಂಬರಿನಲ್ಲಿ ಸೋನಿಯ ಆಟದ ಯಂತ್ರ ಪ್ಲೇಸ್ಟೇಷನ್ 3 ಬಂತು, ಒಳಗೇ ಬ್ಲೂ-ರೇ ಇಟ್ಟುಕೊಂಡು. ಬೆಲೆ 499 ಮತ್ತು 599 ಡಾಲರ್. ಮೈಕ್ರೋಸಾಫ್ಟ್ ತನ್ನ ಆಟದ ಯಂತ್ರ ಎಕ್ಸ್‌ಬಾಕ್ಸ್ 360ಗೆ ಎಚ್‌ಡಿ ಡಿವಿಡಿಯನ್ನು ಬೇರೆ ಡಬ್ಬಿಯಾಗಿ, 199 ಡಾಲರಿಗೆ ಮಾರಿತು. ಈ ವ್ಯತ್ಯಾಸ ಸಣ್ಣದಲ್ಲ. ಒಂದು ಕಡೆ ಆಟಕ್ಕಾಗಿ ಕೊಂಡವರ ಮನೆಗೆ ಬ್ಲೂ-ರೇ ತಾನಾಗಿ ಬಂತು, ಪಕ್ಷ ಆರಿಸುವ ಸಂಕಟವೇ ಅವರಿಗಿರಲಿಲ್ಲ. ಇನ್ನೊಂದು ಕಡೆ ಮತ್ತೆ ಅದೇ ಪ್ರಶ್ನೆಯನ್ನು ಎದುರಿಸಿ ಮತ್ತೆ ಜೇಬಿಗೆ ಕೈ ಹಾಕಬೇಕು. ಆಟ ಆಡುವವರು ಸಿನಿಮಾ ಡಿಸ್ಕ್ ಕೊಳ್ಳುವುದಿಲ್ಲ ಅಂತ ಕೆಂಪು ಕಡೆಯವರು ವಾದಿಸಿದರು. ಅಷ್ಟಿಷ್ಟು ನಿಜ. ಆದರೂ 2007ರಲ್ಲಿ ಅಮೆರಿಕದಲ್ಲಿ ಬ್ಲೂ-ರೇ ಡಿಸ್ಕ್ ಎರಡು ಹೋದರೆ ಎಚ್‌ಡಿ ಡಿವಿಡಿ ಒಂದು ಹೋಗುತ್ತಿತ್ತು. ಬ್ಲಾಕ್‌ಬಸ್ಟರ್ ಬಾಡಿಗೆ ಸರಣಿ 2007ರ ಜೂನ್‌ನಲ್ಲಿ ಸಾವಿರಕ್ಕೂ ಹೆಚ್ಚು ಅಂಗಡಿಗಳಲ್ಲಿ ನೀಲಿ ಮಾತ್ರ ಇಡುತ್ತೇವೆ ಅಂತ ಹೇಳಿತು. ಆಗಸ್ಟ್‌ನಲ್ಲಿ ಪ್ಯಾರಾಮೌಂಟ್ ಉಲ್ಟಾ ಹೊಡೆದು ಕೆಂಪು ಮಾತ್ರ ಅಂದಿತು.

ಆ ಹಾರಾಟದಲ್ಲಿ ಪ್ಯಾರಾಮೌಂಟ್ ಸಿನಿಮಾ ನೀಲಿಯಲ್ಲಿ ಸಿಗುತ್ತದೆ ಅಂತ ನಂಬಿ ಪ್ಲೇಯರ್ ಕೊಂಡಿದ್ದವರಿಗೆ ಏನಾಯಿತು? ಅವರು ಕೊಂಡದ್ದು ಒಂದು ಯಂತ್ರ, ಆದರೆ ಅದರ ಬೆಲೆ ಇದ್ದದ್ದು ಬೇರೆಯವರ ಮಾತಿನಲ್ಲಿ. ಆ ಮಾತು ರಾತ್ರೋರಾತ್ರಿ ಬದಲಾಯಿತು. ದೂರ ನಿಂತು ನೋಡುತ್ತಿದ್ದವರು ಇದನ್ನೂ ನೋಡಿದರು. ಅವರಿಗೆ ಕಂಡದ್ದು ಯಾವ ಡಿಸ್ಕ್ ಉತ್ತಮ ಅನ್ನುವುದಲ್ಲ. ಯಾವ ಮಾತೂ ನಿಲ್ಲುವುದಿಲ್ಲ ಅನ್ನುವುದು ಕಂಡಿತು. ಮನೆಯಲ್ಲಿದ್ದ ಡಿವಿಡಿಯನ್ನೇ ಹಿಗ್ಗಿಸಿ ತೋರಿಸುವ ಪ್ಲೇಯರುಗಳು ಅಗ್ಗವಾಗಿ ಸಿಗುತ್ತಿದ್ದವು, ಹೊಸ ಟಿವಿಯಲ್ಲೂ ಅವುಗಳ ಚಿತ್ರ ತಕ್ಕಮಟ್ಟಿಗೆ ಚೆನ್ನಾಗಿತ್ತು. ಕಾಯುವುದರಿಂದ ಕಳೆದುಕೊಳ್ಳುವುದು ಕಡಿಮೆ, ಆರಿಸುವುದರಿಂದ ಕಳೆದುಕೊಳ್ಳುವುದು ಜಾಸ್ತಿ. ಇದು ಆಸಕ್ತಿ ಇಲ್ಲದವರ ನಡೆಯಲ್ಲ. ಲೆಕ್ಕ ಬಲ್ಲವರ ನಡೆ.

2007ರ ನವೆಂಬರಿನಲ್ಲಿ ಈ ಲೆಕ್ಕ ಒಮ್ಮೆ ಅಲ್ಲಾಡಿತು. ವಾಲ್‌ಮಾರ್ಟ್ ಒಂದು ವಾರಾಂತ್ಯ ತೋಷಿಬಾ ಎಚ್‌ಡಿ ಡಿವಿಡಿ ಪ್ಲೇಯರನ್ನು 100 ಡಾಲರಿಗಿಂತ ಕಡಿಮೆಗೆ ಇಟ್ಟಿತು. ಜನ ಮುಗಿಬಿದ್ದರು. ಅಂದರೆ ಇಷ್ಟು ದಿನ ಸುಮ್ಮನಿದ್ದವರಿಗೆ ಆಸೆ ಇತ್ತು. ಸೋತರೂ ಪರವಾಗಿಲ್ಲ, ಡಿವಿಡಿ ನೋಡಲಾದರೂ ಆಗುತ್ತದೆ ಅನ್ನುವ ಬೆಲೆಗೆ ಇಳಿದ ಕೂಡಲೇ ಕೊಂಡರು. ಅಪಾಯಕ್ಕೆ ಜನ ಕಟ್ಟಿದ ಬೆಲೆ ಎಷ್ಟು ಅಂತ ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಇನ್ನೊಂದು ಸಂಗತಿ ನನಗೆ ಸಿಕ್ಕಿಲ್ಲ.

ಆಮೇಲೆ ನಡೆದದ್ದು ಬಹಳ ಬೇಗ ನಡೆಯಿತು. 2008ರ ಜನವರಿ 4ರಂದು ವಾರ್ನರ್ ಇನ್ನು ಮುಂದೆ ಬ್ಲೂ-ರೇ ಮಾತ್ರ ಅಂದಿತು. ಲಾಸ್ ವೇಗಸ್‌ನ ದೊಡ್ಡ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಎಚ್‌ಡಿ ಡಿವಿಡಿ ಬಳಗ ತನ್ನ ಪತ್ರಿಕಾಗೋಷ್ಠಿ ರದ್ದು ಮಾಡಿತು. ಫೆಬ್ರವರಿ 11ಕ್ಕೆ ಆಗ ಅಂಚೆಯಲ್ಲಿ ಡಿಸ್ಕ್ ಬಾಡಿಗೆಗೆ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್, 15ಕ್ಕೆ ವಾಲ್‌ಮಾರ್ಟ್ ಗೆದ್ದೆತ್ತಿನ ಬಾಲ ಹಿಡಿದವು. 19ಕ್ಕೆ ತೋಷಿಬಾ ನಿಲ್ಲಿಸುತ್ತೇವೆ ಅಂತ ಹೇಳಿತು. ಒಂದೂವರೆ ತಿಂಗಳು, ಅಷ್ಟೇ. ಒಂದು ವಿಷಯ ಮಾತ್ರ ನನಗೆ ಈಗಲೂ ಸರಿ ಅನ್ನಿಸುವುದಿಲ್ಲ. ವಾರ್ನರ್ ಹೋದ ಮೇಲೆ ಜನವರಿ ಮಧ್ಯದಲ್ಲಿ ತೋಷಿಬಾ ಪ್ಲೇಯರಿನ ಬೆಲೆಯನ್ನು ಇನ್ನೂ ಇಳಿಸಿ ಮಾರಿತು. ಸುದ್ದಿ ಹಿಂಬಾಲಿಸದ ಎಷ್ಟೋ ಮನೆಯವರು ಒಳ್ಳೆ ಬೆಲೆ ಅಂತ ಅದನ್ನು ಕೊಂಡಿರುತ್ತಾರೆ. ಸುಮಾರು ಐದು ವಾರದಲ್ಲಿ ತೋಷಿಬಾ ಅದನ್ನು ಕೈಬಿಡುತ್ತೇವೆ ಅಂತ ಹೇಳಿಬಿಟ್ಟಿತು.

ಸೋತ ಕಡೆಯವರ ಪ್ರತಿಕ್ರಿಯೆ ಏನಿತ್ತು? ಕೆಲವರು ಎಚ್‌ಡಿ ಡಿವಿಡಿ ಉಳಿಸಿ ಅಂತ ಸಹಿ ಸಂಗ್ರಹಿಸಿದರು. ಬೆಸ್ಟ್ ಬೈ ಅನ್ನುವ ಅಂಗಡಿ ಸರಣಿ ತನ್ನಲ್ಲಿ ಪ್ಲೇಯರ್ ಕೊಂಡಿದ್ದವರಿಗೆ 50 ಡಾಲರಿನ ಗಿಫ್ಟ್ ಕಾರ್ಡ್ ಕಳಿಸಿತು. ಇದು ಸರಿಯಾದ ನಡೆ. ವಾರ್ನರ್ 2009ರಲ್ಲಿ ಒಂದು ಯೋಜನೆ ತಂದಿತು. ಎಚ್‌ಡಿ ಡಿವಿಡಿ ಡಬ್ಬಿಯ ಒಳಗಿನ ಮುದ್ರಿತ ಕಾಗದ ಕಳಿಸಿ, ಸಿನಿಮಾಕ್ಕೆ 4.95 ಡಾಲರ್ ಕಟ್ಟಿದರೆ, ಅದೇ ಸಿನಿಮಾದ ಬ್ಲೂ-ರೇ ಮನೆಗೆ ಬರುತ್ತಿತ್ತು. ಇನ್ನು ಕೆಲವರು ಏನೂ ದೂರದೆ ಇನ್ನೊಂದು ಕೆಲಸ ಮಾಡಿದರು. ಅಂಗಡಿಗಳು ಕೆಂಪು ಡಬ್ಬಿಗಳನ್ನು ಸಿಕ್ಕ ಬೆಲೆಗೆ ಖಾಲಿ ಮಾಡುತ್ತಿದ್ದಾಗ ಚೀಲ ತುಂಬಾ ಕೊಂಡರು. ಡಿಸ್ಕಿನಲ್ಲಿ ಚಿತ್ರ ಮೊದಲಿನಷ್ಟೇ ಚೆನ್ನಾಗಿತ್ತಲ್ಲ. ಮೇಲಾಗಿ ಎಚ್‌ಡಿ ಡಿವಿಡಿಗೆ ದೇಶವಾರು ಬೀಗ ಇರಲಿಲ್ಲ. ಬ್ಲೂ-ರೇಯಲ್ಲಿ ಜಗತ್ತನ್ನು ಎ, ಬಿ, ಸಿ ಅಂತ ಮೂರು ವಲಯ ಮಾಡಿದ್ದರು. ಬೇರೆ ದೇಶದ ಡಿಸ್ಕ್ ತರಿಸಿಕೊಳ್ಳುವವರಿಗೆ ಸೋತ ಡಿಸ್ಕೇ ಸ್ನೇಹಿತನಾಗಿತ್ತು. ನಿಮ್ಮಲ್ಲಿ ಯಾರ ಹತ್ತಿರವಾದರೂ ಅಂಥ ಸಂಗ್ರಹ ಇದ್ದರೆ ಒಂದು ಮಾತು. ಹಳೆಯ ಎಚ್‌ಡಿ ಡಿವಿಡಿಗಳಲ್ಲಿ ಕೆಲವು ಈಗ ಒಳಗೇ ಹಾಳಾಗಿ ಓದದೆ ನಿಲ್ಲುತ್ತಿವೆ. ಓಡುವ ಪ್ಲೇಯರ್ ಇರುವಾಗಲೇ ಒಂದೊಂದನ್ನೂ ಹಾಕಿ ನೋಡಿಕೊಳ್ಳಿ.

ಗೆದ್ದ ಕಡೆ ಎಲ್ಲ ಸುಖವಾಗಿತ್ತೇ? ಅದೂ ಇಲ್ಲ. ಬ್ಲೂ-ರೇ ಪ್ಲೇಯರುಗಳಲ್ಲಿ ಪ್ರೊಫೈಲ್ ಅಂತ ಮೆಟ್ಟಿಲುಗಳಿದ್ದವು. ಮೊದಲ ಪ್ಲೇಯರುಗಳು 1.0. ಚಿತ್ರದೊಳಗೆ ಚಿತ್ರ ತೋರಿಸಲು 1.1 ಬೇಕು, ಇಂಟರ್ನೆಟ್ ಸೌಲಭ್ಯಕ್ಕೆ 2.0 ಬೇಕು. ಇವೆರಡೂ ಎಚ್‌ಡಿ ಡಿವಿಡಿಯಲ್ಲಿ ಮೊದಲ ದಿನದಿಂದ ಕಡ್ಡಾಯವಾಗಿದ್ದವು. ಸಾವಿರ ಡಾಲರ್ ಕೊಟ್ಟು ಗೆದ್ದ ಪಕ್ಷವನ್ನೇ ಹಿಡಿದವರ ಪ್ಲೇಯರಿನಲ್ಲಿ ಅದಕ್ಕೆ ಬೇಕಾದ ಯಂತ್ರಾಂಶವೇ ಇರಲಿಲ್ಲ. ಪ್ಲೇಸ್ಟೇಷನ್ 3 ಇದ್ದವರಿಗೆ ಮಾತ್ರ ಸಾಫ್ಟ್‌ವೇರ್ ಅಪ್‌ಡೇಟ್ ಆಗಿ ಎಲ್ಲ ಬಂತು. ಇನ್ನೊಂದು, ಜಗಳ ಮುಗಿದ ಕೂಡಲೇ ಬೆಲೆ ಇಳಿಯುತ್ತದೆ ಅಂತ ಕಾದವರಿಗೆ ಹಾಗಾಗಲಿಲ್ಲ. ಎದುರಾಳಿ ಇಲ್ಲದ ಮೇಲೆ ಅವಸರ ಯಾರಿಗೆ? ಕಾದವರು ಮತ್ತೂ ಕಾದರು. ಅಷ್ಟರಲ್ಲಿ ನೆಟ್‌ಫ್ಲಿಕ್ಸ್ 2007ರಲ್ಲೇ ಶುರು ಮಾಡಿದ್ದ ಸ್ಟ್ರೀಮಿಂಗ್ ಟಿವಿಯೊಳಗೆ ಬರತೊಡಗಿತು. ಡಿವಿಡಿ ಕೊಂಡಷ್ಟು ಜನ ಬ್ಲೂ-ರೇ ಕೊಳ್ಳಲೇ ಇಲ್ಲ. ಎರಡು ವರ್ಷ ಜನರನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರ ಫಲ ಗೆದ್ದವರಿಗೂ ತಟ್ಟಿತು ಅಂತ ನಾನು ತಿಳಿದಿದ್ದೇನೆ. ಡಿವ್‌ಎಕ್ಸ್ ಅನುಮಾನ ಡಿವಿಡಿಗೆ ಅಂಟಿದ ಮಾತು ಹೇಳಿದೆನಲ್ಲ, ಅದೇ ಇಲ್ಲೂ ಆಯಿತು. ಆಗ ಒಂದು ವರ್ಷದಲ್ಲಿ ತೊಳೆದುಹೋಗಿತ್ತು, ಈ ಸಲ ಹೋಗಲಿಲ್ಲ.

ಕೊನೆಯದಾಗಿ 4ಕೆ ಡಿಸ್ಕ್, ಬ್ಲೂ-ರೇಗಿಂತಲೂ ಸ್ಪಷ್ಟ ಚಿತ್ರದ್ದು. 2016ರಲ್ಲಿ ಅದು ಬಂದಾಗ ಒಂದೇ ಫಾರ್ಮ್ಯಾಟ್ ಆಗಿ ಬಂತು, ವಲಯದ ಬೀಗವೂ ಇಲ್ಲ. ಅದರ ಪ್ಲೇಯರಿನಲ್ಲಿ ಬ್ಲೂ-ರೇ ಓಡುತ್ತದೆ, ಡಿವಿಡಿಯೂ ಓಡುತ್ತದೆ. ಜಗಳ ಪೂರ್ತಿ ತಪ್ಪಲಿಲ್ಲ, ಡಿಸ್ಕಿನ ಒಳಗೆ ಹೋಯಿತು. ಬೆಳಕು-ನೆರಳಿನ ಹರವು ತೋರಿಸುವ ಎಚ್‌ಡಿಆರ್‌ನಲ್ಲಿ ಡಾಲ್ಬಿ ವಿಷನ್ ಒಂದು ಕಡೆ, ಎಚ್‌ಡಿಆರ್10 ಪ್ಲಸ್ ಇನ್ನೊಂದು ಕಡೆ. ಸ್ಯಾಮ್‌ಸಂಗ್ ಟಿವಿಗಳು ಡಾಲ್ಬಿ ವಿಷನ್ ಹಾಕಿಕೊಳ್ಳಲಿಲ್ಲ. ಈ ಬಗ್ಗೆ ವಾದ ಮಾಡುವವರು ಈಗಲೂ ಇದ್ದಾರೆ. ಆದರೆ 2006ರ ಸಿಟ್ಟು ಇಲ್ಲ, ಹಿಂಜರಿಕೆಯೂ ಇಲ್ಲ. ಕಾರಣ ನಿಯಮದಲ್ಲೇ ಇದೆ. ಎಚ್‌ಡಿಆರ್ ಇರುವ ಯಾವ 4ಕೆ ಡಿಸ್ಕ್ ಆದರೂ ಮೂಲ ಎಚ್‌ಡಿಆರ್10 ಚಿತ್ರವನ್ನು ಇಟ್ಟುಕೊಂಡಿರಲೇಬೇಕು. ಡಾಲ್ಬಿ ವಿಷನ್ ಆಗಲಿ, ಪ್ಲಸ್ ಆಗಲಿ ಅದರ ಮೇಲೆ ಸೇರಿಸಿದ್ದು. ನಿಮ್ಮ ಟಿವಿಗೆ ಆ ಮೇಲಿನದು ಅರ್ಥವಾಗದಿದ್ದರೆ ಕೆಳಗಿನದನ್ನು ತೋರಿಸುತ್ತದೆ. ಯಾವ ಟಿವಿ ಕೊಂಡರೂ ಡಿಸ್ಕ್ ಓಡುತ್ತದೆ, ಹಾಗಾಗಿ ಡಿಸ್ಕ್ ಕೊಳ್ಳುವವರು ಈ ಜಗಳ ಮುಗಿಯಲಿ ಅಂತ ಕಾಯುತ್ತಿಲ್ಲ.